ಬಾಣಂತಿಗೆ ಮೀಸಲಿಟ್ಟ ಮೀನು

ಬೈರಕೂರು
15-3-1984

ಚಿರಂಜೀವಿ ತಮ್ಮ ಚನ್ನರಾಯಪ್ಪನಿಗೆ ನಿನ್ನ ಅಕ್ಕ ಮಾಡುವ ಆಶೀರ್ವಾದ.

ನಿನ್ನ ಎರಡು ಕಾಗದವೂ ಬಂದವು. ಉತ್ತರ ತಡವಾದದ್ದಕ್ಕೆ ಬೇಜಾರಾಗಬೇಡ. ‘ನಾವೆಲ್ಲ ಕ್ಷೇಮ’ ಅಂತ ಬರೆಯಬೇಕಲ್ಲ, ಅಲ್ಲಿಗೆ ಬಂದು ಪೆನ್ನು ನಿಲ್ಲುತ್ತಿತ್ತು. ಟೊಮೇಟೊ ಈ ಸಲ ಚೆನ್ನಾಗಿದೆ. ನಿನ್ನ ಭಾವನ ಮಂಡಿನೋವು ಹಾಗೇ ಇದೆ. ನಮ್ಮ ಅನಸೂಯಳ ಮಗುವಿಗೆ ನಾಲ್ಕು ತಿಂಗಳು ತುಂಬಿತು. ಮೂಗು ಥೇಟ್ ನಿನ್ನದೇ ಅನ್ನುತ್ತಾರೆ.

ಹೋದ ವಾರ ಮುಳಬಾಗಿಲು ಬಸ್ ಸ್ಟ್ಯಾಂಡಿನಲ್ಲಿ ನಿಮ್ಮ ಮೀನು ಸಾಕುವವರ ಸಂಘದ ಜವಾನ ಗಂಗುಲಪ್ಪ ಸಿಕ್ಕಿದ್ದ. “ಅಕ್ಕಾ, ಇನ್ನೂ ನಿಮ್ಮ ಕುಂಟೆ ಮೀನೇ ತಿಂತಾ ಇದ್ದೀರಾ? ಕಾರ್ಯದರ್ಶಿಗಳು ಹೇಳ್ಲಿಲ್ವಾ?” ಅಂದ. ಬೆಂಗಳೂರಿಗೆ ಪರೀಕ್ಷೆಗೆ ಕಳಿಸಿದ್ದ ನಮ್ಮ ಮೀನಿನಲ್ಲಿ ಡಿ.ಡಿ.ಟಿ. ಸಿಕ್ಕಿದೆಯಂತೆ. ವರದಿ ದಸರಾಕ್ಕೆ ಮುಂಚೆಯೇ ಕಾರ್ಯದರ್ಶಿಯಾದ ನಿನ್ನ ಕೈ ಸೇರಿದೆಯಂತೆ. ನಾನು ಅವನ ಮೇಲೆಯೇ ರೇಗಿದೆ. “ನನ್ನ ತಮ್ಮ ಅಂಥೋನಲ್ಲ ಕಣೋ, ಬಾಯಿ ಮುಚ್ಚು” ಅಂದೆ. ವರದಿ ತೆಗೆದುಕೊಂಡು ನೀನು ರುಜು ಹಾಕಿದ ತಾರೀಖನ್ನೇ ಅವನು ಹೇಳಿಬಿಟ್ಟ.

ತಪ್ಪು ನಮ್ಮದೂ ಇದೆ. ಟೊಮೇಟೊಗೆ ಎರಚಿದ ಡಿ.ಡಿ.ಟಿ. ಪುಡಿ ಹಿಪ್ಪುನೇರಳೆ ಸೊಪ್ಪಿಗೆ ತಾಗಿದರೆ ರೇಷ್ಮೆ ಹುಳ ಒಂದೇ ದಿನಕ್ಕೆ ಸಾಯುತ್ತದೆ, ಅದು ಗೊತ್ತಿತ್ತು. ಮೀನು ಸಾಯಲಿಲ್ಲ, ದಪ್ಪಗೆ ಬೆಳೆದವು. ಹಾಗಾಗಿ ತೋಟದ ಪಕ್ಕದ ಕುಂಟೆಯ ನೀರಿಗೆ ಏನೂ ಇಳಿದಿಲ್ಲ ಅಂದುಕೊಂಡೆವು. ಬಾಣಂತಿಗೆ ಹಾಲು ಇಳಿಯಲಿ ಅಂತ ಚಿಕ್ಕವನ್ನು ಮಾರಿ, ಮೂರು ವರ್ಷದ ದೊಡ್ಡ ಕಾಟ್ಲಾ ಮೀನುಗಳನ್ನು ಮಗಳಿಗೇ ಮೀಸಲಿಟ್ಟೆ. ಹೊಟ್ಟೆ ಭಾಗದ ಕೊಬ್ಬಿನ ತುಂಡನ್ನಂತೂ ಇನ್ನೊಬ್ಬರಿಗೆ ಕೊಡುತ್ತಿರಲಿಲ್ಲ. ಆ ವಿಷ ವರ್ಷ ವರ್ಷವೂ ಸೇರುತ್ತಾ ಹೋಗುವುದು ಕೊಬ್ಬಿನಲ್ಲೇ ಅಂತ ಈಗ ಡಾಕ್ಟರು ಹೇಳುತ್ತಾರೆ. ತಾಯಿಯ ಹಾಲಿಗೂ ಬರುತ್ತದಂತೆ.

“ಮೀನು ನಿಲ್ಲಿಸಿ, ಹಾಲು ನಿಲ್ಲಿಸಬೇಡಿ. ಮಗುವಿಗೆ ಏನೂ ಆಗದೇ ಇರಬಹುದು” ಅಂದರು. ಆ ‘ಇರಬಹುದು’ ಹಿಡಿದುಕೊಂಡು ದಿನ ದೂಡುತ್ತಿದ್ದೇವೆ. ಮಗು ಅತ್ತಾಗಲೆಲ್ಲ ಅನಸೂಯ “ಅಮ್ಮಾ, ಕೊಡ್ಲಾ, ಬೇಡ್ವಾ?” ಅಂತ ನನ್ನ ಮುಖ ನೋಡುತ್ತಾಳೆ.

ಸಂಘ ಮುಚ್ಚುತ್ತದೆ, ಕೆಲಸ ಹೋಗುತ್ತದೆ ಅಂತ ಹೆದರಿದ್ದೆಯೇನೋ. ನೀನೇ ಮರಿ ತಂದು ಬಿಟ್ಟ ಕುಂಟೆ ಅದು. ಅಕ್ಕನ ಕಿವಿಗೆ ಒಂದು ಮಾತು ಹಾಕಲು ನಿನಗೆ ಏನು ಬಂದಿತ್ತು? ಬರುವ ಭಾನುವಾರ ಊರವರನ್ನೆಲ್ಲ ಸೇರಿಸಿ ನಾನೇ ಹೇಳುತ್ತೇನೆ. ನಿನ್ನ ಹೆಸರನ್ನೂ ಮುಚ್ಚಿಡುವುದಿಲ್ಲ.

ನಿನ್ನ ಹೆಂಡತಿ ಮಕ್ಕಳಿಗೆ ದೇವರು ಆಯಸ್ಸು ಆರೋಗ್ಯ ಕೊಡಲಿ. ನಿನಗೂ ಕೊಡಲಿ. ಶಾಪ ಹಾಕಲು ನನಗೆ ಬರುವುದಿಲ್ಲ.

ಇಂತಿ ನಿನ್ನ ಅಕ್ಕ,
ಅಕ್ಕಯಮ್ಮ

ವಿ.ಸೂ.: ನಾಮಕರಣದ ಮಾರನೇ ದಿನ ನಿನಗೆ ಮೀನು ಬಡಿಸಲು ಬಂದೆ. “ಬೇಡ ಕಣಕ್ಕ, ತಿರುಪತಿಗೆ ಹರಕೆ ಹೊತ್ತಿದ್ದೀನಿ, ಮುಟ್ಟಲ್ಲ” ಅಂದೆ ನೀನು. ನಾನು ನಂಬಿದೆ. ಸೌಟಿನಲ್ಲಿದ್ದ ನಿನ್ನ ಪಾಲಿನ ತುಂಡನ್ನು ಪಕ್ಕದಲ್ಲೇ ಕೂತಿದ್ದ ಅನಸೂಯಳ ತಟ್ಟೆಗೆ ಹಾಕಿದೆ. ಅವಳು ತಿಂದು ಮುಗಿಸುವವರೆಗೂ ನೀನು ನೋಡುತ್ತಾ ಕೂತಿದ್ದೆ.