ನಮ್ಮ ಕೇರಿಯಲ್ಲಿ ಜೀಪು ತಿರುಗುತ್ತದೆ

ಕೆಂಚನಕಟ್ಟೆ, ಕಡೂರು ತಾಲ್ಲೂಕು
೧೨ ಫೆಬ್ರವರಿ ೨೦೨೪, ಸೋಮವಾರ

ಪ್ರೀತಿಯ ಮಗಳು ಸಂಘಮಿತ್ರಾಗೆ ನಿನ್ನಪ್ಪನ ಜೈಭೀಮ್.

ನಾವಿಲ್ಲಿ ಚೆನ್ನಾಗಿದ್ದೇವೆ. ನೀನು ಹೇಗಿದ್ದೀಯ? ಹೋದ ವಾರ ಫೋನಿನಲ್ಲಿ ನಿನ್ನ ಗಂಟಲು ಕಟ್ಟಿದ ಹಾಗಿತ್ತು. ಲೈನು ಸರಿಯಿರಲಿಲ್ಲ ಅಷ್ಟೇ ಅಂತ ನಿಮ್ಮವ್ವ ಹೇಳುತ್ತಾಳೆ, ನನಗೆ ನಂಬಿಕೆಯಿಲ್ಲ. ಕೆಮ್ಮಿದ್ದರೆ ಮುಚ್ಚಿಡಬೇಡ. ಹೆಲ್ಮೆಟ್ಟಿನ ಒಳಗೆ ಉಣ್ಣೆ ಟೋಪಿ ಹಾಕಿಕೊಳ್ಳಲು ಬಿಡುತ್ತಾರೋ ಇಲ್ಲವೋ, ನಿಮ್ಮ ಸಾಹೇಬರನ್ನು ಕೇಳಿ ನೋಡು. ಹುಚ್ಚೆಳ್ಳಿನ ಪುಡಿ ಕಳಿಸಿದ್ದೇವೆ, ಬಂದವರಿಗೆಲ್ಲ ಹಂಚಿಬಿಡಬೇಡ. ನಾನು ಹೀಗೆ ಕೇಳಿದರೆ "ಅಪ್ಪಾ, ಸುಮ್ನಿರು" ಅಂತೀಯ. ಹೇಗೆ ಸುಮ್ಮನಿರಲಿ? ಗ್ಯಾಂಗ್‌ಮನ್ ಕೆಲಸದವನು ನಾನು. ಹಳಿಯ ಬೋಲ್ಟುಗಳನ್ನು ತಟ್ಟಿ ತಟ್ಟಿ ನೋಡಿದ ಮೇಲೂ ರೈಲು ದಾಟಿಹೋಗುವ ತನಕ ನನ್ನ ಎದೆ ಹೊಡೆದುಕೊಳ್ಳುತ್ತದೆ. ನೀನೋ ಹಳಿಯೇ ಇಲ್ಲದ ಕಡೆ ಹೋಗುವವಳು.

ಪೇಪರಿನಲ್ಲಿ ನಿನ್ನ ಫೋಟೋ ಬಂದ ದಿನ ಕಡೂರು ಸ್ಟೇಷನ್ನಿನ ಹತ್ತಿರ ಟೀ ಅಂಗಡಿ ಇಟ್ಟಿರುವ ನಮ್ಮೂರ ಈರಣ್ಣ ಎಲ್ಲರಿಗೂ ಕೇಳುವ ಹಾಗೆ ಗಟ್ಟಿಯಾಗಿ ಓದಿದ. ಯಾವ ಹೆಣ್ಣುಮಗಳೂ ಸೇನೆಯ ಹೆಲಿಕಾಪ್ಟರ್ ಇಳಿಸಿರದ ಎತ್ತರದಲ್ಲಿ ನೀನು ಇಳಿಸಿದೆಯಂತೆ. ಅದರ ಮರುವರ್ಷದ ಚಳಿಗಾಲದಲ್ಲಿ ಅದಕ್ಕಿಂತ ಮೇಲೆ, ಹಿಮದಲ್ಲಿ ಸಿಕ್ಕಿಕೊಂಡ ಸೈನಿಕರನ್ನು ಕರೆತರಲು ಹೋಗಿ ನಿನ್ನ ದಾಖಲೆಯನ್ನು ನೀನೇ ಮುರಿದೆಯಂತೆ. ಅದಕ್ಕೇ ಪದಕ. "ಅಂಗೈಯಗಲದ ಜಾಗದಲ್ಲಿ" ಅಂತ ಬರೆದಿದ್ದರು. ಅಂಗಡಿಯಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ನನಗೆ ಆ ಅಂಗೈಯೊಂದೇ ಕಣ್ಣ ಮುಂದೆ ನಿಂತುಬಿಟ್ಟಿತು. ಒಂದು ದಾಖಲೆ ಸಾಲದಾಗಿತ್ತೇ ಮಗಳೇ?

ಇರಲಿ. ಈಗ ಊರಿನ ಸುದ್ದಿ. ನೀನು ಮುಂದಿನ ತಿಂಗಳು ರಜೆಗೆ ಬರುವುದು ಹೇಗೋ ಎಲ್ಲರಿಗೂ ಗೊತ್ತಾಗಿದೆ. ಸನ್ಮಾನ ಸಮಿತಿ ಅಂತ ಮಾಡಿಕೊಂಡಿದ್ದಾರೆ, ಅದಕ್ಕೆ ಊರ ಯಜಮಾನರು ಜಯದೇವಪ್ಪನವರೇ ಮುಂದಾಳು. ಮೊನ್ನೆ ಅವರೇ ನಮ್ಮ ಕೇರಿಗೆ ಬಂದರು. ಬಾಗಿಲ ಹೊರಗಿನ ಕಲ್ಲಿನ ಮೇಲೆ ಕೂತು, ತೆರೆದ ಜೀಪು, ಹೂವಿನ ಕಮಾನು, ಶಾಲೆಯ ಮೈದಾನದಲ್ಲಿ ವೇದಿಕೆ, ಶಾಸಕರು, ಶಾಲು ಅಂತ ಒಂದೊಂದೇ ಹೇಳುತ್ತಾ ಹೋದರು. ಸಂತೋಷದಲ್ಲೇ ಹೇಳಿದರು, ಸುಳ್ಳಾಡಬಾರದು. ಕೊನೆಗೆ ನನ್ನ ಹೆಗಲು ತಟ್ಟಿ ಅಂದರು: "ಬೀರೂರಿನ ಬ್ಯಾಂಡು ಬ್ಯಾಡ ಕಣೋ ಕಾಂತರಾಜು. ತಮಟೆ ನೀನೇ ಬಡೀಬೇಕು. ನಿಮ್ಮಪ್ಪನ ಕೈ ನಿಂದು. ಮಗಳು ಜೀಪಲ್ಲಿ, ಮುಂದೆ ಅಪ್ಪನ ತಮಟೆ, ಎಷ್ಟು ಚೆಂದ ಇರ್ತದೆ!"

ಮೆರವಣಿಗೆ ಅಂದರೆ ಮುಂದೆ ತಮಟೆ, ತಮಟೆ ಅಂದರೆ ನಮ್ಮ ಮನೆ. ಅವರಿಗೆ ಬೇರೆ ಯೋಚನೆಯೇ ಬರಲಿಲ್ಲ. ಆ ತಮಟೆ ಹೊರುವುದಕ್ಕೆಂದೇ ನನ್ನನ್ನು ಏಳನೇ ಕ್ಲಾಸಿಗೆ ಶಾಲೆ ಬಿಡಿಸಿದ್ದರು. ಊರಿನವರ ಮದುವೆ, ಸಾವು, ಉತ್ಸವ, ಎಲ್ಲದಕ್ಕೂ ಹೇಳಿಕಳಿಸುತ್ತಿದ್ದರು. ಬಡಿದು ಮುಗಿಸಿದ ಮೇಲೆ ಹಿತ್ತಲ ಕಡೆ ಊಟ. ನಿನ್ನ ತಾತ ಲಕ್ಷ್ಮಣಪ್ಪ ಬೌದ್ಧ ದೀಕ್ಷೆ ತಗೊಂಡ ದಿನ "ಇನ್ನು ಕರೆದೋರಿಗೆ ಬಡಿಯಲ್ಲ" ಅಂದು ತಮಟೆಯನ್ನು ಗೋಡೆಗೆ ನೇತುಹಾಕಿದ್ದು ನೀನೂ ನೋಡಿದ್ದೀಯ. ಆದರೂ ನೋಡು, ಊರಿನ ಹಿರಿಯರು ಎದುರಿಗೆ ಕೂತರೆ ನನ್ನ ಕತ್ತು ತಾನಾಗಿ ಆಡುತ್ತದೆ. ಮೊನ್ನೆಯೂ ಆಡಿತು. ಅವರು ಒಪ್ಪಿಗೆ ಅಂದುಕೊಂಡು ಎದ್ದುಹೋದರು.

ಅವರು ಕೇರಿ ದಾಟಿದ್ದೇ ತಡ, ನಿಮ್ಮವ್ವ ಪೊರಕೆ ಹಿಡಿದೇ ಹೊರಗೆ ಬಂದಳು. "ಅವರ ಮಗಳು ಸ್ಫೂರ್ತಿಗೆ ರ‍್ಯಾಂಕ್ ಬಂದಾಗ ಜಯದೇವಪ್ಪೋರು ಶಾಲು ಹೊದ್ಕೊಂಡು ಕುರ್ಚೀಲಿ ಕೂತಿದ್ರು. ಅವ್ರೇನು ಬಡಿದಿದ್ರು ಅವತ್ತು? ಹೋಗಿ ಕೇಳ್ಕೊಂಡು ಬಾ" ಅಂದಳು.

ಮಾರನೇ ದಿನ ಶಾಲೆಯ ಜಗುಲಿಯಲ್ಲಿ ಸಮಿತಿ ಸೇರಿತ್ತು, ಹೋದೆ. ಕಂಬ ಹಿಡಿದುಕೊಂಡೇ ಹೇಳಿದೆ: "ಯಜಮಾನ್ರೇ, ತಮಟೆ ಬಡಿಯಲ್ಲ. ಮಗಳ ಪಕ್ಕ ಜೀಪಲ್ಲಿ ನಾನೂ ಅವಳವ್ವನೂ ಕೂರ್ತೀವಿ. ಜೀಪು ನಮ್ಮ ಕೇರಿಯಿಂದ ಹೊರಡ್ಬೇಕು." ಜಯದೇವಪ್ಪನವರು ನಕ್ಕರು. "ಅಯ್ಯೋ ಮಾರಾಯ, ಕೂತ್ಕೊಳ್ಳಪ್ಪ, ಯಾರು ಬ್ಯಾಡ ಅಂದ್ರು. ಆದ್ರೆ ನಿಮ್ಮ ಕೇರೀಲಿ ಜೀಪು ತಿರುಗಕ್ಕೆ ಜಾಗ ಎಲ್ಲೈತೆ?" ಅಂದರು. ಬಾಯಿಗೆ ಅದೆಲ್ಲಿಂದ ಬಂತೋ ಕಾಣೆ, ಅಂದುಬಿಟ್ಟೆ: "ಹಿಮದ ಬೆಟ್ಟದ ಮೇಲೆ ಅಂಗೈಯಗಲದಲ್ಲಿ ಹೆಲಿಕಾಪ್ಟರ್ ಇಳಿಸಿದೋಳು. ಕೇರೀಲಿ ಜೀಪು ತಿರುಗಿಸಲ್ವಾ? ಡ್ರೈವರ್ ಬ್ಯಾಡ, ಅವಳೇ ಓಡಿಸ್ತಾಳೆ ಬಿಡಿ." ಹಿಂದೆ ಕೂತಿದ್ದ ಈರಣ್ಣ ಕಿಸಕ್ಕೆಂದ. ಜಯದೇವಪ್ಪನವರ ಮುಖ ಕೆಂಪಾಯಿತು. "ಊರೇ ಸೇರಿ ಮರ್ಯಾದೆ ಮಾಡ್ತೀವಿ ಅಂದ್ರೆ ಷರತ್ತು ಹಾಕ್ತೀಯೇನೋ?" ಅಂದರು. "ಊರು ಅಂದ್ಮೇಲೆ ನಮ್ಮ ಕೇರೀನೂ ಸೇರ್ತದಲ್ಲ" ಅಂದೆ. "ಹಂಗಾದ್ರೆ ಸನ್ಮಾನ ಬ್ಯಾಡ್ವಾ?" ಅಂದರು. "ಕೇರಿ ಬಿಟ್ಟು ಮಾಡೋದಾದ್ರೆ ಬ್ಯಾಡ" ಅಂದು ಬಂದೆ. ಈ ಸಲ ಕತ್ತು ಆಡಲಿಲ್ಲ ಮಗಳೇ. ಮನೆಗೆ ಬಂದು ಎರಡು ಚೊಂಬು ನೀರು ಕುಡಿದೆ.

ಈಗ ಚಿಂತೆ ಹತ್ತಿದೆ. ಅವರು ನನ್ನನ್ನು ಬಿಟ್ಟು ನಿನಗೇ ಫೋನ್ ಮಾಡಿ ಒಪ್ಪಿಸುತ್ತಾರಂತೆ, ಈರಣ್ಣ ಹೇಳಿದ. "ನಮ್ಮೂರ ಮಗಳು" ಅಂತ ಬಹಳ ಚೆನ್ನಾಗಿ ಮಾತಾಡುತ್ತಾರೆ. ನೀನು ಹೂಂ ಅಂದುಬಿಟ್ಟರೆ ನಾನು ಕಂಬ ಹಿಡಿದು ಆಡಿದ ಮಾತು ಅಲ್ಲಿಗೇ ಬಿದ್ದುಹೋಗುತ್ತದೆ. ನಿನ್ನ ಕೆಲಸಕ್ಕೆ ಇದರಿಂದ ತೊಂದರೆ ಆದೀತೇ, ನಿಮ್ಮ ಸಾಹೇಬರು ಕೇಳಿಯಾರೇ ಅಂತಲೂ ಯೋಚನೆ. ಆದರೆ ಹೇಳಿದ್ದನ್ನು ವಾಪಸ್ ತಗೊಳ್ಳುವುದಿಲ್ಲ. ನೀನೂ ಬಗ್ಗಬೇಡ.

ಬುದ್ಧನ ಕರುಣೆ ನಿನ್ನ ಮೇಲೂ ಆ ಯಂತ್ರದ ಮೇಲೂ ಇರಲಿ. ನಿಮ್ಮವ್ವ ಭುವನಾ ನಿನ್ನನ್ನು ಕೇಳಿದಳು. ಹೊಟ್ಟೆ ತುಂಬ ಉಣ್ಣು.

ಇಂತಿ ನಿನ್ನಪ್ಪ,
ಕಾಂತರಾಜು

ತಾ.ಕ.: ಪೋಸ್ಟ್‌ಮ್ಯಾನ್ ಬಾಗಿಲಲ್ಲೇ ನಿಂತಿದ್ದಾನೆ, ಬೇಗ ಬರೆಯುತ್ತೇನೆ. ನಿನ್ನೆ ಗೋಡೆಯಿಂದ ತಾತನ ತಮಟೆ ಇಳಿಸಿ, ಧೂಳು ಒರೆಸಿ, ಬೆಂಕಿಗೆ ಕಾಯಿಸಿ ನೋಡಿದೆ. ಚರ್ಮ ಇನ್ನೂ ಬಿಗಿಯಾಗಿದೆ. ಅವರು ಜೀಪು ತರಲಿ ಬಿಡಲಿ, ನೀನು ಬಸ್ಸಿಳಿದು ನಡೆದೇ ಬಂದರೂ ಸರಿ, ಕೇರಿಯ ಬಾಯಿಗೆ ಬಂದ ಕೂಡಲೇ ನಮ್ಮ ಬಾಗಿಲಲ್ಲಿ ನಿಂತು ಬಡಿಯುತ್ತೇನೆ. ಯಾರೂ ಹೇಳಿಕಳಿಸದೆ ನಾನು ತಮಟೆ ಮುಟ್ಟುವುದು ಇದೇ ಮೊದಲು.