ಕೀಳದ ಚೀಟಿ

ಮಾರ್ಚ್ ೧೪, ಮಂಗಳವಾರ

ದೊಡ್ಡ ಮಗಳು ಹೋದ ತಿಂಗಳು ಈ ಊರಿಗೆ ಬಂದು ಹೋಗಿದ್ದಾಳೆ. ಮನೆಗೆ ಬರಲಿಲ್ಲ.

ಚಿಕ್ಕವಳು ಮರೆತ ಊಟದ ಡಬ್ಬಿ ಕೊಡಲು ಇವತ್ತು ಅವಳ ಕಚೇರಿಗೆ ಹೋಗಿದ್ದೆ. ಒಣಗಿಸಿದ ಗಿಡಗಳನ್ನು ಹಾಳೆಗೆ ಹೊಲಿದು, ಹೆಸರಿನ ಚೀಟಿ ಅಂಟಿಸಿ ಕಪಾಟಿನಲ್ಲಿಡುವ ಕೆಲಸ ಅವಳದು. ಮೇಜಿನ ಮೇಲಿನ ಹಾಳೆಯಲ್ಲಿ ದೊಡ್ಡವಳ ಅಕ್ಷರ ಕಂಡೆ. ಕಾಲೇಜಿನಲ್ಲಿದ್ದಾಗ ತಂದ ಗಿಡಕ್ಕೆ ತಪ್ಪು ಹೆಸರು ಬರೆದಿದ್ದಳಂತೆ. ಇಪ್ಪತ್ತೆರಡು ವರ್ಷಗಳ ಮೇಲೆ ತಾನೇ ಬಂದು ಸರಿಯಾದ ಹೆಸರಿನ ಚೀಟಿ ಅಂಟಿಸಿ, ಕೆಳಗೆ ಹೋದ ತಿಂಗಳ ತಾರೀಖು ಹಾಕಿದ್ದಾಳೆ. ಈ ಬುದ್ಧಿ ನನ್ನಿಂದ ಕಲಿತದ್ದಲ್ಲ.

"ಬಂದಿದ್ಲು ಅಂತ ಹೇಳೋಕೆ ಬಾಯಿಗೆ ಬೀಗ ಬಿದ್ದಿತ್ತೇನೇ?"

"ಅಕ್ಕನ ಹೆಸರೆತ್ತಬೇಡ ಅಂದೋಳು ನೀನೇ ಅಲ್ವೇನಮ್ಮಾ?"

ನಾನು ಬೇಡವೆಂದವನನ್ನು ದೊಡ್ಡವಳು ಮದುವೆಯಾದ ದಿನ ಹಾಗೆ ಅಂದದ್ದು ನಿಜ. ಮಾತು ತಿರುಗಿಸಿದೆ.

"ತಪ್ಪು ಅಂದ್ಮೇಲೆ ಹಳೇ ಚೀಟಿ ಕಿತ್ತು ಬಿಸಾಕೋದಲ್ವಾ?"

"ನಮ್ಮಲ್ಲಿ ಯಾವ ಚೀಟೀನೂ ಕೀಳೋ ಹಾಗಿಲ್ಲಮ್ಮ. ಗಿಡ ಬೇರೆ ಕುಟುಂಬಕ್ಕೆ ಸೇರಿದ್ದು ಅಂತ ಗೊತ್ತಾದ್ರೂ ಅಷ್ಟೇ. ಪಕ್ಕದಲ್ಲಿ ಹೊಸದು ಅಂಟಿಸ್ತೀವಿ."

ದೊಡ್ಡವಳ ಅಕ್ಷರ ಬದಲಾಗಿಲ್ಲ. ಸಾಲಿನ ಕೊನೆ ಈಗಲೂ ಮೇಲಕ್ಕೇರುತ್ತದೆ. ಅದಕ್ಕೆ ಎಷ್ಟು ಗದರಿಸಿದ್ದೆ. ಇವತ್ತು ಮತ್ತೆ ಮತ್ತೆ ಓದಿದೆ.

ಊಟವಾದ ಮೇಲೆ ಯಜಮಾನರ ಹಳೆಯ ಪುಸ್ತಕ ತೆಗೆದೆ. ಮಕ್ಕಳು ಹುಟ್ಟಿದ ದಿನ ಬರೆದಿಟ್ಟ ಪುಟದಲ್ಲಿ, ದೊಡ್ಡವಳ ಹೆಸರಿನ ಮೇಲೆ ನಾನು ಅಂಟಿಸಿದ್ದ ಬಿಳಿ ಕಾಗದ ಹಾಗೇ ಇದೆ. ಉಗುರಿನಿಂದ ಕೆರೆದರೂ ಏಳಲಿಲ್ಲ. ನಾನು ಮಾಡಿದ ಕೆಲಸ ಯಾವಾಗಲೂ ಗಟ್ಟಿ.

ಪಕ್ಕದಲ್ಲಿ ಜಾಗವಿತ್ತು. ಅವಳ ಹೆಸರು ಬರೆದೆ, ಕೆಳಗೆ ಇವತ್ತಿನ ತಾರೀಖು ಹಾಕಿದೆ. ಸಾಲು ಮೇಲಕ್ಕೇರಿದೆ. ದೀಪದ ಬೆಳಕು ಸಾಲದ್ದಕ್ಕೇ ಇರಬೇಕು. ಬೆಳಿಗ್ಗೆ ಚಿಕ್ಕವಳು ಎದ್ದ ಮೇಲೆ, ಅವಳ ಅಕ್ಕನ ನಂಬರನ್ನು ನಾನೇ ಕೇಳುತ್ತೇನೆ.