ಗುಬ್ಬಿಗೊಂದು ಊರು

ಬುಧವಾರ, ಹದಿನಾಲ್ಕನೇ ತಾರೀಖು
ಊಟದ ಬಿಡುವಿನಲ್ಲಿ

ನನ್ನ ಗುಬ್ಬಿಗೆ,

ಅಮ್ಮನ ಮುತ್ತುಗಳು. ಕಾಗದ ಬರೆದು ತಿಂಗಳ ಮೇಲಾಯಿತು, ಬೈದುಕೊಂಡಿರುತ್ತೀಯ. ಮತ್ತೆ ಊರು ಬದಲಾಯಿಸಿದೆ ಕಣೇ, ಆ ಗಡಿಬಿಡಿಯಲ್ಲಿ ಪೆನ್ನು ಹಿಡಿಯಲಾಗಲಿಲ್ಲ. ಇದು ನೀನು ಕೆಲಸ ಮಾಡುವ ಔಷಧಿ ಅಂಗಡಿಯ ಯಜಮಾನಿಗೆ ಬರೆದ ಲಕೋಟೆಯೊಳಗೆ ಸೇರಿಕೊಂಡು ಬರುತ್ತದೆ. ಅಲ್ಲೇ ಕೌಂಟರಿನ ಹಿಂದೆ ಕೂತು ಓದಿ ಅವರಿಗೇ ವಾಪಸು ಕೊಟ್ಟುಬಿಡು. ಮನೆಗೆ ಒಯ್ಯಬೇಡ.

ಕೈ ಹೇಗಿದೆ? ಬಾಗಿಲಿಗೆ ಸಿಕ್ಕಿತು ಅಂದೆಯಂತೆ. ಮಣಿಕಟ್ಟು ತಿರುಚಿದಂತಿದೆ ಅಂತ ಯಜಮಾನಿ ಫೋನಿನಲ್ಲಿ ಹೇಳಿದರು. ಬಾಗಿಲು ಕಿಟಕಿಗಳ ಜೊತೆಯೇ ಆಯಸ್ಸು ಕಳೆದವಳು ನಾನು, ಬಾಗಿಲು ಯಾರ ಕೈಯನ್ನೂ ತಿರುಚುವುದಿಲ್ಲ ಕಂದಾ.

ನಿನ್ನ ದೊಡ್ಡತ್ತೆ ಇನ್ನೂ ಹಳೇ ರಾಗವನ್ನೇ ಎಳೆಯುತ್ತಿದ್ದಾಳಂತೆ. "ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ. ಅದಕ್ಕೆ ಯಾರಾದರೂ ಪರದೇಶ ಸೇರ್ತಾರಾ?" ಅಂತ. ನೀನು ನೆಮ್ಮದಿಯಾಗಿ ಉಂಡದ್ದು ಯಾವಾಗ, ಮಲಗಿದ್ದು ಯಾವಾಗ ಅಂತ ಅವಳನ್ನು ಕೇಳಬೇಕು. ನೀನು ಅವಳ ಮನೆಗೆ ಓಡಿಹೋದಾಗ ಅವನು ನಗುನಗುತ್ತಾ ಬಂದು ಕರೆದುಕೊಂಡು ಹೋದ. ಹಾಸ್ಟೆಲ್ಲಿಗೆ ಸೇರಿದಾಗಲೂ ಬಂದ. ಅವನ ಕಾರು ಹೋಗದ ಊರು ನಮ್ಮ ದೇಶದಲ್ಲಿ ಇಲ್ಲ ಅಂತ ಖಾತ್ರಿಯಾದ ಮೇಲೆಯೇ ಅಲ್ಲವೇ ನಾನು ಈ ವಯಸ್ಸಿನಲ್ಲಿ ಹೊಲಿಗೆ ಕತ್ತರಿ ಹಿಡಿದು ಸಮುದ್ರ ದಾಟಿದ್ದು?

ಈಗ ಈ ಮೂರನೇ ಊರಿನ ಸಮಾಚಾರ. ಮೊದಲಿನದರಲ್ಲಿ ವಿಪರೀತ ಗದ್ದಲ, ಎರಡನೆಯದರಲ್ಲಿ ಮೂಳೆ ಕೊರೆಯುವ ಚಳಿ ಅಂತ ಬಿಟ್ಟು ಬಂದೆ. ನಮ್ಮ ಪರದೆ ಕಂಪನಿಗೆ ಊರೂರಲ್ಲೂ ಮಳಿಗೆ ಇರುವುದು ನನ್ನ ಪುಣ್ಯ. ಮೊದಲು ನನ್ನನ್ನು ಈ ದೇಶಕ್ಕೆ ಕರೆಸಿಕೊಂಡ ಕಟಿಂಗ್ ಮಾಸ್ತರರಿಗೆ ಮಾತ್ರ ರೇಗಿ ಹೋಗಿದೆ. ಫೋನಿನಲ್ಲಿ, "ಏನಕ್ಕಾ, ಕಾಲಿಗೆ ಚಕ್ರ ಕಟ್ಟಿಕೊಂಡಿದ್ದೀಯಾ? ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಮುಂದಿನ ಸಲ ಚಂದ್ರಲೋಕಕ್ಕೇ ವರ್ಗ ಮಾಡಿಸ್ತೀನಿ, ಅಲ್ಲಿ ಗದ್ದಲವೂ ಇಲ್ಲ," ಅಂದರು. ನಕ್ಕುಬಿಟ್ಟೆ.

ಊರು ಚೆನ್ನಾಗಿದೆ. ಟ್ರಾಮು ಹೇಳಿದ ಹೊತ್ತಿಗೆ ಬರುತ್ತದೆ. ಹೆಂಗಸರು ಕತ್ತಲಾದ ಮೇಲೂ ಕಿವಿಗೆ ಹಾಡು ಸಿಕ್ಕಿಸಿಕೊಂಡು ಒಬ್ಬೊಬ್ಬರೇ ನಡೆದು ಹೋಗುತ್ತಾರೆ, ಹಿಂದೆ ತಿರುಗಿ ನೋಡುವುದಿಲ್ಲ. ಆದರೆ ಬೀದಿ ನೋಡಿ ಊರನ್ನು ನಂಬುವವಳಲ್ಲ ನಾನು, ದೂರದ ಬೆಟ್ಟ ಯಾವಾಗಲೂ ನುಣ್ಣಗೆ. ನನ್ನ ಅಳತೆಯೇ ಬೇರೆ. ಕಿಟಕಿ ಅಳೆಯಲು ಏಣಿ ಹತ್ತಿ ನಿಂತೆನೆಂದರೆ ಮನೆಯವರು ನನ್ನನ್ನು ಮರೆತುಬಿಡುತ್ತಾರೆ, ಮಾತೂ ಬಾರದ ಮುದುಕಿ ಅಂತ. ಬಟ್ಟೆಯ ತುಂಡುಗಳನ್ನು ಮೇಜಿನ ಮೇಲೆ ಹರಡಿರುತ್ತೇನೆ. ಬಣ್ಣ ಆರಿಸುವ ಮುಂಚೆ ಹೆಂಡತಿ ಗಂಡನ ಮುಖ ನೋಡುತ್ತಾಳಾ? ನೋಡಿದರೆ ಹೇಗೆ ನೋಡುತ್ತಾಳೆ? ಅಭಿಪ್ರಾಯ ಕೇಳುವ ನೋಟ ಬೇರೆ, ಹವಾ ಹೇಗಿದೆ ಅಂತ ತಿಳಿಯುವ ನೋಟ ಬೇರೆ. ಆ ಎರಡನೆಯದನ್ನು ನಾನು ನಿನ್ನ ಮನೆಯಲ್ಲೇ ಕಲಿತೆ. ಒಂದು ಲೋಟ ನೀರು ಕುಡಿಯುವ ಮೊದಲೂ ಅವನ ಕಡೆ ನೋಡುತ್ತಿದ್ದೆಯಲ್ಲ.

ಹೋದ ವಾರ ಒಂದು ಮನೆಗೆ ಹೋಗಿದ್ದೆ. ಗಂಡ ಬೂದು ಬಟ್ಟೆ ಎತ್ತಿಕೊಂಡು ಏನೋ ಅಂದ. ಹೆಂಡತಿ ಅದನ್ನು ಕಿತ್ತುಕೊಂಡು, "ನೀನು ಹೋಗಿ ಗಿಡಕ್ಕೆ ನೀರು ಹಾಕು, ನಿನಗೆ ಬಣ್ಣ ಗೊತ್ತಾಗಲ್ಲ," ಅನ್ನುವ ಹಾಗೆ ಕೈಯಾಡಿಸಿ ಅಟ್ಟಿದಳು. ಭಾಷೆ ಬಾರದಿದ್ದರೂ ಅಷ್ಟು ತಿಳಿಯುತ್ತದೆ. ಏಣಿಯ ಮೇಲೆ ನಾನು ಅಳೆಯುವುದನ್ನು ಬಿಟ್ಟು ನೋಡಿದೆ, ಈಗೇನು ಆಗುತ್ತದೋ ಅಂತ. ಅವನು ನಗುತ್ತಾ ಹೋಗಿ ಗಿಡಕ್ಕೆ ನೀರು ಹಾಕಿದ! ನಾನು ಇಳಿದು ಬಂದು ಮೆಟ್ಟಿಲ ಮೇಲೆ ಕೂತು ಅತ್ತೆ. ಇದೇ ಊರು, ನನ್ನ ಗುಬ್ಬಿಗೆ ಇದೇ ಊರು ಅಂದುಕೊಂಡೆ.

ಮಾರನೇ ದಿನ ಅದೇ ಬೀದಿಯ ಇನ್ನೊಂದು ಮನೆಯಲ್ಲಿ ಆ ಇನ್ನೊಂದು ನೋಟ ಕಂಡಿತು. ಹುಡುಗಿ ನಿನ್ನ ವಯಸ್ಸಿನವಳೇ. ಆ ರಾತ್ರಿ ನಿದ್ದೆ ಹತ್ತಲಿಲ್ಲ. ಮತ್ತೆ ಗಂಟು ಮೂಟೆ ಕಟ್ಟಲೇ ಅಂತ ಎದ್ದು ಕೂತೆ. ನನ್ನ ಮನೆಯೊಡತಿ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಹೆಂಗಸು, ಈಗ ಒಂಟಿ. ಬೆಳಿಗ್ಗೆ ಕಾಫಿ ಕೊಟ್ಟು ಅರ್ಧ ಮಾತು ಅರ್ಧ ಸನ್ನೆಯಲ್ಲಿ ವಿಚಾರಿಸಿದಳು. ಹೇಳಿದೆ. ಅವಳು, "ಅಂಥ ಮನೆ ಇಲ್ಲದ ಊರು ಎಲ್ಲಿದೆ? ಇಲ್ಲಿ ಆ ಹುಡುಗಿ ಕೂಗಿದರೆ ಪಕ್ಕದವರು ಬಂದು ಬಾಗಿಲು ತಟ್ಟುತ್ತಾರೆ. ನೋಡಬೇಕಾದ್ದು ಅದನ್ನು," ಅಂದಳು. ಅದು ಮನಸ್ಸಿಗೆ ನಾಟಿತು. ನಮ್ಮಲ್ಲಿ ಪಕ್ಕದವರು ಟೀವಿಯ ಸದ್ದು ಜೋರು ಮಾಡಿಕೊಳ್ಳುತ್ತಿದ್ದರಲ್ಲ.

ಅವಳು ನನ್ನನ್ನು ಗೇಲಿಯನ್ನೂ ಮಾಡುತ್ತಾಳೆ. ನಾಲ್ಕನೇ ಮಹಡಿಯ ಕೋಣೆಗೆ ಎರಡು ಪದರದ ದಪ್ಪ ಪರದೆ ಹೊಲಿದು, ಅಂಚು ನೆಲಕ್ಕೆ ಒತ್ತುವಂತೆ ಬಿಟ್ಟಿದ್ದೇನೆ. "ಯಾರಿಂದ ಅಡಗಿಕೊಂಡಿದ್ದೀಯ, ಪಾರಿವಾಳದಿಂದಲಾ?" ಅನ್ನುತ್ತಾಳೆ. ಒಳಪದರ ಬಿಚ್ಚೋಣ ಅಂತ ಎರಡು ಸಲ ಕತ್ತರಿ ತೆಗೆದೆ. ಬಿಚ್ಚಿಲ್ಲ.

ಪಕ್ಕದ ಕೋಣೆ ನಿನಗಾಗಿ ಹಿಡಿದಿಟ್ಟಿದ್ದೇನೆ. ಬಿಸಿಲು ಬರುತ್ತದೆ. ಕಿಟಕಿಗೆ ಇನ್ನೂ ಏನೂ ಹಾಕಿಲ್ಲ. ಮನೆಯೊಡತಿ ಕೆಲಸ ಮಾಡಿದ್ದ ಆಸ್ಪತ್ರೆಯ ಔಷಧ ವಿಭಾಗದಲ್ಲಿ ಪ್ಯಾಕಿಂಗಿಗೆ ಜನ ಬೇಕಂತೆ, ಭಾಷೆ ಕಲಿಯುವ ತನಕ ಅದು ಸಾಕು. ಮುಂದಿನ ವಾರದ ಕೊನೆಯಲ್ಲಿ ಅವನು ಕೆಲಸದ ಮೇಲೆ ಬೇರೆ ಊರಿಗೆ ಹೋಗುತ್ತಾನೆ ಅಂತ ನೀನೇ ಯಜಮಾನಿಗೆ ಹೇಳಿದ್ದೆಯಂತೆ. ಆವತ್ತು ಎಂದಿನಂತೆ ಅಂಗಡಿಗೆ ಹೋಗು. ಕೈಚೀಲ ಬಿಟ್ಟು ಏನನ್ನೂ ತರಬೇಡ. ನೀನು ಬಂದರೆ ನನಗೆ ಮನೆ ತುಂಬಿತು.

ಧೈರ್ಯ ತಂದುಕೋ ಮಗಳೇ. ನಿನ್ನ ಹೊಟ್ಟೆ ತಣ್ಣಗಿರಲಿ, ಕಣ್ತುಂಬ ನಿದ್ದೆ ಬರಲಿ, ಯಾರ ಮುಖವನ್ನೂ ನೋಡದೆ ನೀನು ನಗುವಂತಾಗಲಿ.

ನಿನ್ನ ದಾರಿ ಕಾಯುತ್ತಿರುವ
ಅಮ್ಮ

ತಾ.ಕ.: ಲಕೋಟೆ ಅಂಟಿಸಿದ್ದೆ, ಮತ್ತೆ ಬಿಚ್ಚಿದೆ. ಗದ್ದಲ, ಚಳಿ ಅಂದದ್ದೆಲ್ಲ ನೆಪ. ಮೊದಲ ಊರಿನಲ್ಲಿ ಅವನು ಹಣ್ಣಿನ ಬುಟ್ಟಿ ಹಿಡಿದು ಮಳಿಗೆಗೆ ಬಂದಿದ್ದ. ಎಂಥ ಸಭ್ಯ ಅಳಿಯ ಅಂತ ಎಲ್ಲರೂ ಮೆಚ್ಚಿದರು. "ಗುಬ್ಬಿಯ ಕೋಣೆಗೆ ಹಸಿರು ಪರದೆ ಹಾಕಿದ್ದೀರಂತೆ ಅತ್ತೆ, ತೋರಿಸಿ," ಅಂದ. ಆ ಹಸಿರು ನಿನಗೊಬ್ಬಳಿಗೇ ಬರೆದಿದ್ದೆ. ಎರಡನೇ ಊರಿಗೆ ಅವನ ಫೋನು ಬಂತು, "ಅಲ್ಲಿ ಚಳಿ ಜಾಸ್ತಿಯಂತೆ, ಹುಷಾರು ಅತ್ತೆ." ಅವನು ನಿನ್ನನ್ನು ಹೊಡೆದು ಕೇಳಿದ್ದಲ್ಲ ಅಂತ ನನಗೆ ಗೊತ್ತು. ಹೊಡೆದರೆ ನೀನು ಬಾಯಿ ಬಿಡುವವಳಲ್ಲ. ಅವನು ಚೆನ್ನಾಗಿರುವ ದಿನಗಳಲ್ಲಿ, ಪಕ್ಕದಲ್ಲಿ ಕೂತು ತಲೆ ಸವರಿದಾಗ, ಇನ್ನು ಎಲ್ಲ ಸರಿಹೋಯಿತು ಅಂತ ನಂಬಿ ನೀನೇ ಹೇಳಿಬಿಡುತ್ತೀಯ. ನನಗೆ ಸಿಟ್ಟಿಲ್ಲ ಕಂದಾ. ಆದರೆ ಈ ಸಲ ನನ್ನ ವಿಳಾಸ ಬರೆದಿಲ್ಲ. ಅದೂ ನಿನ್ನ ಟಿಕೆಟ್ಟೂ ಯಜಮಾನಿಯ ಬಳಿ ಇವೆ, ನಿನ್ನನ್ನು ವಿಮಾನ ಹತ್ತಿಸುವ ಹೊತ್ತಿಗೆ ಕೊಡುತ್ತಾರೆ. ಅದಕ್ಕೆ ಮುಂಚೆ ನನ್ನ ಮಗಳು ಕಾಲಿಗೆ ಬಿದ್ದು ಕೇಳಿದರೂ ಹೇಳಬೇಡಿ ಅಂತ ನಾನೇ ಅವರಿಂದ ಆಣೆ ಮಾಡಿಸಿಕೊಂಡಿದ್ದೇನೆ.